ಪಿಯುಸಿ ಆದಮೇಲೆ ‘ಶಾಂತಿ ಮತ್ತು ಸಂಘರ್ಷ’ದಲ್ಲಿ ಡಿಗ್ರಿ: ಯಾರಾದ್ರೂ ಓದಿದ್ದೀರಾ?

ವಿಸಿ ನಾಲೆ ಹುಡುಗಿ:
ನಮಸ್ಕಾರ. ನಾನು ಮಂಡ್ಯ ತಾಲ್ಲೂಕಿನವಳು. ಆರ್ಟ್ಸ್‌ನಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದ್ದೇನೆ. ಇಂಗ್ಲೆಂಡಿನಲ್ಲಿ ‘ಪೀಸ್ ಸ್ಟಡೀಸ್’ ಅಂತಲೇ ಒಂದು ವಿಷಯ ಇದೆ ಅಂತ ಗೊತ್ತಾಯಿತು. ಅಪ್ಪನಿಗೆ ಹೇಳಿದೆ. ಕಬ್ಬಿಗೆ ನೀರು ಕಟ್ಟಲು ಹೊರಟಿದ್ದವರು ಗುದ್ದಲಿ ಇಳಿಸಿ, "ಶಾಂತಿ ಓದ್ಬುಟ್ಟು ಏನ್ ಮಾಡೀಯವ್ವ, ಮಠ ಕಟ್ಟೀಯಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜವಾಗಿ ಅಲ್ಲಿ ಏನು ಹೇಳಿಕೊಡುತ್ತಾರೆ? ಕೆಲಸ ಸಿಗುತ್ತಾ?

ಲೆಕ್ಕದ ರಾಯರು:
ಸುಮ್ನೆ ಬಿಕಾಂ ಮಾಡಮ್ಮ. ಕೆಲಸ ಸಿಕ್ಕರೆ ಶಾಂತಿ ತಾನಾಗೇ ಬರುತ್ತೆ.

ಪಾಂಡವಪುರ ಟು ಬ್ರಾಡ್‌ಫರ್ಡ್:
ರಾಯರೇ, ಒಳ್ಳೆ ಮಾತು 😄

ತಂಗಿ, ನಾನು ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದಲ್ಲಿ ಬಿಎ ಮಾಡಿದವನು, ಹತ್ತು ವರ್ಷದ ಮೇಲಾಯಿತು. ಆ ವಿಭಾಗ ಶುರುವಾಗಿದ್ದು 1973ರಲ್ಲಿ. ಮೊದಲ ಪ್ರಾಧ್ಯಾಪಕ ಆಡಂ ಕರ್ಲ್ ಅವರು ನೈಜೀರಿಯಾದ ಬಿಯಾಫ್ರಾ ಅಂತರ್ಯುದ್ಧದಲ್ಲಿ ಎರಡೂ ಕಡೆಗೆ ಓಡಾಡಿ ಸಂಧಾನಕ್ಕೆ ಪ್ರಯತ್ನಪಟ್ಟಿದ್ದವರು.

ಮೊದಲ ವರ್ಷ ಓದೋದು ಜಾಸ್ತಿ ಇತಿಹಾಸ, ರಾಜಕೀಯ. ಈ ವಿಷಯಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ನಾರ್ವೆಯ ಯೊಹಾನ್ ಗಾಲ್ಟುಂಗ್ ಹೆಸರು ವಾರಕ್ಕೆ ಮೂರು ಸಲ ಕಿವಿಗೆ ಬೀಳುತ್ತೆ. ಹೊಡೆದಾಟ ನಿಂತರೂ ಜಗಳದ ಬೇರು ಹಾಗೇ ಉಳಿದಿದ್ದರೆ ಅದಕ್ಕೆ ಅವರು ‘ನೆಗೆಟಿವ್ ಪೀಸ್’ ಅಂತಾರೆ. ನಮಗಿದು ಹೊಸದಾ? ಕನ್ನಂಬಾಡಿ 124.80 ಅಡಿ ತುಂಬಿದ ವರ್ಷ ಬಾಗಿನ ಬಿಟ್ಟು ಸುಮ್ಮನಿರುತ್ತೇವೆ. ಮಳೆ ಕೈಕೊಟ್ಟ ವರ್ಷ ಹೆದ್ದಾರಿಯಲ್ಲಿ ಕೂರುತ್ತೇವೆ.

ಎರಡನೇ ವರ್ಷ ಸಂಧಾನದ ಕ್ಲಾಸಿಗೆ ಕಾವೇರಿ ವಿಷಯ ಕೊಟ್ಟವನು ನಾನೇ. ಮೇಷ್ಟ್ರು ನನ್ನನ್ನೇ ತಂಜಾವೂರಿನ ರೈತ ಮಾಡಿಬಿಟ್ಟರು! ಮಂಡ್ಯದ ಪರವಾಗಿ ಒಬ್ಬ ಕೀನ್ಯಾದ ಹುಡುಗ. ಒಂದು ವಾರ ಕೂತು ಓದಿದೆ. ತಮಿಳುನಾಡಿನ ಮೆಟ್ಟೂರು ಅಣೆಕಟ್ಟಿನ ಗೇಟು ಜೂನ್ 12ಕ್ಕೆ ತೆರೆಯುವ ವಾಡಿಕೆ. ಆ ನೀರು ನಂಬಿ ಅವರು ಕುರುವೈ ಭತ್ತ ಹಾಕುತ್ತಾರೆ. ಇಪ್ಪತ್ತು ವರ್ಷ ಕಾವೇರಿ ನೀರೇ ಕುಡಿದಿದ್ದೆ, ಕುರುವೈ ಅನ್ನೋ ಪದವೇ ಕೇಳಿರಲಿಲ್ಲ. ಮಾತು ಮುಗಿಸುವಾಗ ಕೈಯೆಲ್ಲ ಬೆವರು, ಊರಿಗೆ ದ್ರೋಹ ಮಾಡಿದ ಹಾಗೆ. ಆ ಕೀನ್ಯಾದವನೋ, 1924ರ ಕಾವೇರಿ ಒಪ್ಪಂದದಲ್ಲಿ ಒಂದು ಕಡೆ ಮದ್ರಾಸ್ ಅಂದ್ರೆ ಬ್ರಿಟಿಷರೇ, ಇನ್ನೊಂದು ಕಡೆ ಅವರ ಕೈಕೆಳಗಿನ ಮೈಸೂರು, ಇದೆಂಥ ಒಪ್ಪಂದ ಅಂತ ನಮ್ಮಪ್ಪನಿಗಿಂತ ಚೆನ್ನಾಗಿ ವಾದಿಸಿದ. ಎದುರಿನವನ ಕಷ್ಟವನ್ನ ಅವನೇ ‘ಹೂಂ, ಇದೇ’ ಅನ್ನುವ ಹಾಗೆ ಹೇಳೋಕೆ ಬರಬೇಕು. ಆ ಡಿಗ್ರಿಯಲ್ಲಿ ನಾನು ಕಲಿತದ್ದು ಇಷ್ಟು.

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ಗೂ ಹೋಗಿದ್ದೆವು. ಅಲ್ಲಿನ ಕ್ಯಾಥೊಲಿಕ್-ಪ್ರಾಟೆಸ್ಟೆಂಟ್ ಹೊಡೆದಾಟ ನಿಲ್ಲಿಸೋ ಒಪ್ಪಂದ ಆಗಿದ್ದು 1998ರಲ್ಲಿ. ಎರಡು ಕೇರಿ ನಡುವಿನ ಗೋಡೆ ಇನ್ನೂ ನಿಂತಿದೆ, ಕೆಲವು ಗೇಟು ರಾತ್ರಿ ಹಾಕುತ್ತಾರೆ. ಪ್ರವಾಸಿಗರು ಅದರ ಮೇಲೆ ಮಾರ್ಕರ್‌ನಲ್ಲಿ ಸಹಿ ಹಾಕಿ ಫೋಟೋ ತೆಗೆಸಿಕೊಳ್ತಾರೆ. ನಾನೂ ಕನ್ನಡದಲ್ಲಿ ಹಾಕಿದೆ. ಅದು ಯಾರದೋ ಹಿತ್ತಲ ಗೋಡೆ ಅಂತ ಆಮೇಲೆ ಹೊಳೀತು.

ಕೆಲಸದ ವಿಚಾರ: ಬರೀ ಬಿಎ ಇಟ್ಟುಕೊಂಡು ಕಷ್ಟ. ನಾನು ಒಂದೂವರೆ ವರ್ಷ ಗೋಡೌನ್‌ನಲ್ಲಿ ಡಬ್ಬ ಎತ್ತಿದೆ. ಎಂಎ ಆದಮೇಲೆ ನಿರಾಶ್ರಿತರ ಸಂಸ್ಥೆಯೊಂದರಲ್ಲಿ ಸಿಕ್ಕಿತು. ಹೊಲ ಅಡವಿಟ್ಟು ಮಾತ್ರ ಬರಬೇಡ.

ಮೈಸೂರು ಮೇಡಂ:
ನಾನು ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಇಲ್ಲೇ ಬಿಎ ಮುಗಿಸಮ್ಮ. ಆಮೇಲೆ ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ ನೆಲ್ಸನ್ ಮಂಡೇಲಾ ಹೆಸರಿನ ಕೇಂದ್ರವಿದೆ, ಇದೇ ವಿಷಯದಲ್ಲಿ ಎಂಎ ಇದೆ. ಇನ್ನೊಂದು, 2003ರಲ್ಲಿ ಎರಡೂ ರಾಜ್ಯದ ರೈತರು ‘ಕಾವೇರಿ ಕುಟುಂಬ’ ಅಂತ ಕೂತು ಮಾತಾಡಲು ಶುರು ಮಾಡಿದ್ದರು. ಆ ಕಡೆಯವರು ಈ ಕಡೆ ಬಂದು ಹೊಲ ನೋಡಿದರು, ಈ ಕಡೆಯವರು ಅಲ್ಲಿಗೆ ಹೋದರು. ನಿಮ್ಮ ಕಡೆ ಹೋಗಿ ಬಂದ ಹಿರಿಯರು ಇರಬಹುದು, ವಿಚಾರಿಸು.

ವಿಸಿ ನಾಲೆ ಹುಡುಗಿ:
ಥ್ಯಾಂಕ್ಸ್ ಅಣ್ಣ, ಮೇಡಂ. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಕುರುವೈ ಕತೆ ಓದಿ ಹೇಳಿದೆ. "ಜೂನ್‌ನಾಗೆ ನಮ್ಗೇ ಮಳೆ ಹಿಡ್ದಿರಕಿಲ್ಲ, ಅವ್ರಿಗೆ ಎಲ್ಲಿಂದ ಬಿಡಾದು?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿ ಎಕರೆಗೆ ಎಷ್ಟು ಮೂಟೆ ಬತ್ತದಂತೆ, ಕೇಳು ಅವ್ನ" ಅಂದರು. ಅಣ್ಣ, ಗೊತ್ತಿದ್ದರೆ ಹೇಳಿ.