ಸೊಪ್ಪಿನ ಬೆಟ್ಟದಲ್ಲಿ ಸಿಂಗಳೀಕಕ್ಕೆ ಬೇಕಾದ ಮರ ಎಬ್ಬಿಸೋದು ಹೇಗೆ?

ಹಳ್ಳದಂಚು:
ಸಿದ್ದಾಪುರ ಕಡೆ ಎರಡು ಎಕರೆ ಸೊಪ್ಪಿನ ಬೆಟ್ಟ, ಅಂದ್ರೆ ಅಡಿಕೆ ತೋಟಕ್ಕೆ ಸೊಪ್ಪು ತರೋಕೆ ಬಿಟ್ಟ ಕಾಡು. ಹಳ್ಳದಾಚೆ ದಟ್ಟ ಕಾನು, ಸಿಂಗಳೀಕ ಅಲ್ಲಿವರೆಗೆ ಬಂದು ವಾಪಸ್ ಹೋಗ್ತವೆ. ಈಚೆಗೆ ಸೊಪ್ಪು ಕಡಿದು ಬೋಳಾದ ಮತ್ತಿ, ನೇರಳೆ, ನಡುವೆ ಯುಪಟೋರಿಯಂ ಕಳೆ. ಹೋದ ವರ್ಷದ 40 ರಾಮಪತ್ರೆ (ಕಾಡು ಜಾಯಿಕಾಯಿ) ಸಸಿಯಲ್ಲಿ ಉಳಿದದ್ದು 6. ಈ ಸಲ ಜೆಸಿಬಿಯಲ್ಲಿ ಸಾಪು ಮಾಡಿಸಿ 400 ನೆಡಲೇ?

ಕಾನುಮನೆ:
ಜೆಸಿಬಿ ಬೇಡ ಮಾರಾಯ್ರೇ. ಬೆಟ್ಟದಲ್ಲಿ ನಮಗಿರೋದು ಸೊಪ್ಪು, ದರಕು (ಉದುರಿದ ಒಣ ಎಲೆ) ಇಂಥವನ್ನು ಬಳಸೋ ಹಕ್ಕು ಮಾತ್ರ. ಅರಣ್ಯ ಇಲಾಖೆ ಕೇಳದೆ ಮರಕ್ಕೆ ಕೈ ಹಚ್ಚಿದರೆ ಕೇಸು. ರಾಮಪತ್ರೆ ಸತ್ತದ್ದು ಬಿಸಿಲಿಗೆ. ಅದು ನೆರಳಲ್ಲೇ ಎದ್ದು ಬರುವ ಮರ, ಬಯಲಲ್ಲಿ ಎಲೆ ಸುಟ್ಟು ಮಾರ್ಚಿಗೆ ಕಡ್ಡಿ. ಯುಪಟೋರಿಯಂ ಪೂರ್ತಿ ಕೀಳಬೇಡಿ. ಸಸಿಯ ಸುತ್ತ ಒಂದು ಮಾರು ಮಾತ್ರ, ಹೂ ಬರೋ ಮೊದಲು ಬೇರು ಸಮೇತ ಕಿತ್ತು ಅಲ್ಲೇ ಮುಚ್ಚಿಗೆ ಹಾಕಿ.

ಸಿಂಗಳೀಕ ಮರದಿಂದ ಮರಕ್ಕೇ ಓಡಾಡುವ ಪ್ರಾಣಿ, ನೆಲಕ್ಕಿಳಿಯೋದು ಅಪರೂಪ. ಹಾಗಾಗಿ 400 ಸಸಿ ಎಲ್ಲಾ ಕಡೆ ಚೆಲ್ಲಬೇಡಿ. ಹಳ್ಳದ ದಡದಿಂದ ಮೇಲಕ್ಕೆ ಒಂದು ಪಟ್ಟಿ, ಕೊಂಬೆಗೆ ಕೊಂಬೆ ಕೂಡುವ ಹಾಗೆ. ಆ ಪಟ್ಟಿಯ ಮರಗಳ ಸೊಪ್ಪು ಕಡಿಯೋದು ಇವತ್ತೇ ನಿಲ್ಲಿಸಿ. ಉಳಿದವಕ್ಕೂ ತುದಿಯ ಮೂರನೇ ಒಂದು ಪಾಲು ಮುಟ್ಟಬೇಡಿ.

ದರಕುಬುಟ್ಟಿ:
ನಿಜವಾದ ರೋಗ ದರಕು ಗುಡಿಸೋದು. ಕಸಬರಿಗೆ ಹೋದಲ್ಲಿ ಬೀಜ, ಎಳೆ ಮೊಳಕೆ, ಮಣ್ಣಿನ ತೇವ ಮೂರೂ ಕೊಟ್ಟಿಗೆ ಸೇರ್ತವೆ. ಆ ಪಟ್ಟಿಯಲ್ಲಿ ಗುಡಿಸೋದು ಬಿಟ್ಟು, ದನ ಬರದಂತೆ ಬೇಲಿ ಹಾಕಿ. ಮುರುಗಲು, ನೇರಳೆ ಹಕ್ಕಿ-ಬಾವಲಿ ತಂದು ಹಾಕ್ತವೆ, ದುಡ್ಡು ಕೊಟ್ಟು ಸಸಿ ತರಬೇಡಿ. ದರಕು ದಪ್ಪ ಆದರೆ ಬೆಂಕಿಯ ಭಯ. ಜನವರಿಯೊಳಗೆ ಪಟ್ಟಿಯ ಅಂಚಲ್ಲಿ ಹತ್ತಡಿ ಅಗಲ ಬೆಂಕಿರೇಖೆ ಗುಡಿಸಿ. ಕಸಬರಿಗೆಗೆ ಅಷ್ಟೇ ಕೆಲಸ!

ಹಳ್ಳದಂಚು:
ಹಾಗಾದ್ರೆ ನೆಡೋದು ಏನು?

ಕಾನುಮನೆ:
ಉಪ್ಪಾಗೆ (ಸಿಪ್ಪೆ ಒಣಗಿಸಿ ಬಳಸುವ ಹುಳಿಹಣ್ಣಿನ ಮರ), ನೆರಳಿರುವಲ್ಲಿ ರಾಮಪತ್ರೆ, ಹಲಸು, ವಾಟೆಹುಳಿ. ಜೊತೆಗೆ ಬಸರಿ, ಗೋಳಿ ಖಂಡಿತ. ಬೇರೆ ಹಣ್ಣು ಇಲ್ಲದ ತಿಂಗಳಲ್ಲಿ ಇವೇ ಆಧಾರ. ಬಸರಿಗೆ ಸಸಿ ಬೇಕಿಲ್ಲ. ತೋಳುದಪ್ಪದ ಆರಡಿ ಗೂಟ, ಮೇಲಿನ ತುದಿಗೆ ಸಗಣಿ ಮೆತ್ತಿ, ಎರಡಡಿ ಆಳಕ್ಕೆ ಜೂನಿನಲ್ಲಿ ಊರಿ.

ರಾಮಪತ್ರೆ ಬೀಜ ಒಣಗಿದರೆ ಮುಗೀತು. ಬೀಜದ ಮೇಲಿನ ಪತ್ರೆ ಬಿಡಿಸಿದ ದಿನವೇ ಒದ್ದೆ ಮರಳಿಗೆ, ಅಡ್ಡ ಮಲಗಿಸಿ. ಉಪ್ಪಾಗೆಯದು ಬೇರೆ ಕಥೆ, ಹುಟ್ಟೋಕೆ ಆರೇಳು ತಿಂಗಳು. ಸತ್ತಿದೆ ಅಂತ ಪಾತಿ ಚೆಲ್ಲಿಬಿಡೋರೇ ಹೆಚ್ಚು. ಎರಡು ವರ್ಷದ, ಮೊಣಕಾಲಿಗಿಂತ ಎತ್ತರದ ಸಸಿಯನ್ನೇ ನೆಡಿ. ಒಂದೂವರೆ ಅಡಿ ಗುಂಡಿ ಸಾಕು. ರಾಮಪತ್ರೆ, ಉಪ್ಪಾಗೆ ಎರಡರಲ್ಲೂ ಗಂಡು ಮರ, ಹೆಣ್ಣು ಮರ ಬೇರೆ. ಒಂಟಿಯಾಗಿ ನೆಡದೆ ಐದಾರು ಒಟ್ಟಿಗೆ ಹಾಕಿ.

ದರಕುಬುಟ್ಟಿ:
ಉಪ್ಪಾಗೆ ಕಾಯಿ ಬಿಟ್ಟಮೇಲೆ ಕೊಂಬೆ ಕಡಿದು ಕೊಯ್ಯೋರನ್ನು ಒಳಗೆ ಬಿಡಬೇಡಿ. ಹಣ್ಣಾಗಿ ಉದುರಿದ್ದು ಹೆಕ್ಕಿದರೆ ಸಿಪ್ಪೆ ನಿಮಗೆ, ಮರದ ಮೇಲಿನದು ಸಿಂಗಳೀಕಕ್ಕೆ.