ಕೋರ್ವೈ ಫೋಟೊ, ತೊಟ್ಟಿಮನೆ ಬಳಗದ ಜಗಳ

ನಮ್ಮ ‘ತೊಟ್ಟಿಮನೆ ಬಳಗ’ ಗುಂಪಿಗೆ ಅಡ್ಮಿನ್ ನಾನು. ಯಾರಿಗೂ ಬೇಡದ ಕೆಲಸ, ನನ್ನ ತಲೆಗೆ ಬಿತ್ತು. ಎರಡೇ ನಿಯಮ: ಈಗಿನ ರಾಜಕೀಯ ಬೇಡ, ಆಸ್ತಿ ಮಾತು ಬೇಡ. ಶನಿವಾರ ಜರ್ಮನಿಯ ಕಾಸೆಲ್‌ನಲ್ಲಿರುವ ವಿದ್ಯಕ್ಕ ವೇಸರ್ ನದಿ ದಂಡೆಯ ಕೋರ್ವೈ ಮಠ ನೋಡಿ ಬಂದು ಆರು ಫೋಟೊ ಹಾಕಿದಳು. ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಅದರಲ್ಲೊಂದನ್ನು ಎತ್ತಿಕೊಂಡು, ಅಡಿಯಲ್ಲಿ ತಾವೇ ನಾಲ್ಕು ಸಾಲು ಬರೆದು, ಇಲ್ಲಿಗೂ ಇನ್ನು ಮೂರು ಗುಂಪಿಗೂ ಹಂಚಿದರು. ಸಂಜೆಯೊಳಗೆ ಎರಡೂ ನಿಯಮ ಮುರಿದವು. ಆದರೆ ರಾಜಕೀಯವೂ ಆಸ್ತಿಯೂ ಒಂಬತ್ತನೇ ಶತಮಾನದ್ದಾದ್ದರಿಂದ ಯಾರನ್ನೂ ಗುಂಪಿನಿಂದ ತೆಗೆಯಲಿಲ್ಲ. ನಡುನಡುವೆ ಬಂದ ಶುಭೋದಯದ ಹೂವು, ಹುಟ್ಟುಹಬ್ಬದ ಕೇಕು ಬಿಟ್ಟು ಉಳಿದದ್ದು ಇಲ್ಲಿದೆ.

ದೊಡ್ಡಪ್ಪ, 7:12
ಸತ್ಯಕ್ಕಾಗಿ ಸೆರೆ ಕಂಡ ಸನ್ಯಾಸಿ! 822ರಲ್ಲಿ ಈ ಮಠ ಕಟ್ಟಲು ಅಣ್ಣ ಅಡಲ್‌ಹಾರ್ಡ್ ಜೊತೆ ನಿಂತವನು ವಾಲಾ. ಫ್ರಾಂಕ್ ಜನಾಂಗದ ಷಾರ್ಲಮೇನ್ ಚಕ್ರವರ್ತಿಯ ಚಿಕ್ಕಪ್ಪನ ಮಗ. ಅಧಿಕಾರವನ್ನೆಲ್ಲ ತೊರೆದು ಕಾವಿ ತೊಟ್ಟ. ಅರಮನೆಯ ಅನಾಚಾರವನ್ನು ಚಕ್ರವರ್ತಿ ಲೂಯಿಯ ಮುಖಕ್ಕೇ ಹೇಳಿದ. ಅದಕ್ಕೆ ಸಿಕ್ಕ ಬಹುಮಾನ ಬಂಡೆಯ ಮೇಲಿನ ಸೆರೆ. ಅಂಥ ಎದೆಗಾರಿಕೆ ಇಂದು ಎಷ್ಟು ಜನಕ್ಕಿದೆ? ಓದಿ, ಹಂಚಿ.

ಕಿಟ್ಟಿ, 7:40
ದೊಡ್ಡಪ್ಪ, ಇದು ಯಾವ ವಾಲಾ? ಪಾನಿಪುರಿನಾ, ಸೋಡಾನಾ?

ವಿದ್ಯಕ್ಕ, 7:58
ಕಿಟ್ಟಿ, ಬಾಯ್ಮುಚ್ಚು. ದೊಡ್ಡಪ್ಪ, ಫೋಟೊದಲ್ಲಿರೋದು ಅವರಿಬ್ಬರು ಕಟ್ಟಿಸಿದ್ದಲ್ಲ. ಪಶ್ಚಿಮದ ಆ ಮುಂಭಾಗ ಕಟ್ಟಿದ್ದು 873ರಿಂದ 885ರೊಳಗೆ, ಇಬ್ಬರೂ ಸತ್ತು ಎಷ್ಟೋ ವರ್ಷದ ಮೇಲೆ. ‘ದೇವರೇ ಈ ನಗರವನ್ನು ಸುತ್ತುವರಿದು ಕಾಪಾಡು’ ಅಂತ ಗೋಡೆ ಮೇಲೆ ಲ್ಯಾಟಿನ್ ಬರಹ ಇದೆ. ಮೇಲಂತಸ್ತಲ್ಲಿ ಗ್ರೀಕ್ ಪುರಾಣದ ಒಡಿಸ್ಯೂಸ್ ರಾಕ್ಷಸಿ ಜೊತೆ ಹೊಡೆದಾಡ್ತಿರೋ ಚಿತ್ರ. ಚರ್ಚಿನೊಳಗೆ ಒಡಿಸ್ಯೂಸ್!

ದೊಡ್ಡಪ್ಪ, 8:05
ಕಟ್ಟಡ ಯಾರದ್ದಾದರೇನಮ್ಮ, ಮನುಷ್ಯ ಮುಖ್ಯ.

ಸುಮತ್ತೆ, 8:31
ಅಣ್ಣ, ಮನುಷ್ಯನ ವಿಷಯಕ್ಕೇ ಬರ್ತೀನಿ. ‘ತೊರೆದು’ ಅಂತ ಬರೆದಿದ್ದೀಯ. ಅವನು ತೊರೆದದ್ದಲ್ಲ, ತೊರೆಸಿದ್ದು.

(ಸುಮತ್ತೆ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವರು. ‘ವಿಷಯಕ್ಕೇ ಬರ್ತೀನಿ’ ಅಂದರೆಂದರೆ ಮನೆಯಲ್ಲಿ ಎಲ್ಲರೂ ಕಾಫಿ ಲೋಟ ಕೆಳಗಿಟ್ಟು ಕೂರುತ್ತೇವೆ.)

ಸುಮತ್ತೆ, 8:44
811ರಲ್ಲಿ ಷಾರ್ಲಮೇನ್ ಉಯಿಲು ಬರೆಸಿದಾಗ ಸಾಕ್ಷಿ ಹಾಕಿದ ಸರದಾರರ, ಅಂದ್ರೆ ಕೌಂಟ್‌ಗಳ ಪಟ್ಟಿಯಲ್ಲಿ ಮೊದಲ ಹೆಸರು ವಾಲಾಂದು. ಅದೇ ವರ್ಷ ಡೇನರ ಜೊತೆ ಐಡರ್ ನದಿ ಹತ್ತಿರ ಸಂಧಿ ಆದಾಗಲೂ ಫ್ರಾಂಕರ ಕಡೆ ಮೊದಲ ಹೆಸರು ಅವನದೇ. 812ರಲ್ಲಿ ಇಟಲಿ ನೋಡಿಕೊಳ್ಳೋಕೆ ಕಳಿಸಿದ್ದೂ ಅವನನ್ನೇ. ಚಕ್ರವರ್ತಿ ಬಿಟ್ಟರೆ ಅವನೇ ಅನ್ನೋ ಹಾಗಿದ್ದ. 814ರ ಜನವರಿಯಲ್ಲಿ ಷಾರ್ಲಮೇನ್ ತೀರಿಹೋದ. ಮಗ ಲೂಯಿ ಆಕ್ವಿಟೇನ್‌ನಿಂದ ಹೊರಟ. ಅವನಿಗೆ ಮೊದಲ ಹೆದರಿಕೆಯೇ ವಾಲಾಂದು, ಏನಾದ್ರೂ ಮಸಲತ್ತು ಮಾಡ್ತಾನೇನೋ ಅಂತ. ಆದ್ರೆ ವಾಲಾ ಓಡಿಬಂದು ತಲೆಬಾಗಿದ. ಆಮೇಲೇನಾಯ್ತು ಗೊತ್ತಾ?

ಕಿಟ್ಟಿ, 8:46
ಸಸ್ಪೆನ್ಸ್ ಇಡಬೇಡಿ ಅತ್ತೆ.

ಸುಮತ್ತೆ, 8:59
ಲೂಯಿ ತನ್ನ ಅಕ್ಕತಂಗಿಯರನ್ನ, ಅವರ ಗೆಳೆಯರನ್ನ ಆಖೆನ್ ಅರಮನೆಯಿಂದ ಓಡಿಸಬೇಕು ಅಂದ. ‘ಶುದ್ಧಿ’ ಅಂತೆ. ಆ ಕೆಲಸಕ್ಕೆ ಮುಂದಾಗಿ ಕಳಿಸಿದವರಲ್ಲಿ ಒಬ್ಬ ವಾಲಾ. ಗಲಾಟೆಯಲ್ಲಿ ಜೊತೆಗಿದ್ದ ವಾರ್ನರ್ ಸತ್ತ, ಲ್ಯಾಂಬರ್ಟ್‌ಗೆ ಪೆಟ್ಟಾಯ್ತು. ಗುಡಿಸೋ ಕೆಲಸ ಮುಗೀತು, ಆಮೇಲೆ ಪೊರಕೆಯನ್ನೂ ಆಚೆ ಎಸೆದ್ರು. ಅಡಲ್‌ಹಾರ್ಡ್‌ನನ್ನ ನ್ವಾರ್ಮೂಟಿಯೇ ದ್ವೀಪಕ್ಕೆ. ಇನ್ನೊಬ್ಬ ಸೋದರನನ್ನ ಲೆರಾನ್ಸ್ ದ್ವೀಪಕ್ಕೆ. ತಂಗಿ ಗುಂದ್ರಾದಾಳನ್ನ ಪ್ವಾಟಿಯೇ ಕನ್ಯಾಮಠಕ್ಕೆ. ವಾಲಾನ ತಲೆ ಬೋಳಿಸಿ ಕೋರ್ಬಿ ಮಠಕ್ಕೆ (ಈಗಿನ ಫ್ರಾನ್ಸ್‌ನಲ್ಲಿದೆ, ಕೋರ್ವೈ ಬೇರೆ). ಇದು ವೈರಾಗ್ಯನಾ?

ಚಿಕ್ಕಪ್ಪ, 9:10
ಸುಮಾ ಹೇಳಿದ್ದು ಸರಿ. ಇದು ವರ್ಗಾವಣೆ. ನಿವೃತ್ತಿ ಅಂತ ಬರೆಯೋಕೆ ಬರಲ್ಲ.

(ಚಿಕ್ಕಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು.)

ದೊಡ್ಡಪ್ಪ, 9:26
ಒಪ್ಪಿದೆ, ಬಲವಂತವೇ ಇರಲಿ. ಆದರೆ ಬಂದ ಮೇಲೆ ಹೇಗೆ ಬದುಕಿದ ಅನ್ನುವುದು ಪ್ರಶ್ನೆ. 821ರಲ್ಲಿ ಲೂಯಿ ಇವರನ್ನೆಲ್ಲ ವಾಪಸು ಕರೆದ. 822ರಲ್ಲಿ ಅಟಿನಿಯಲ್ಲಿ ಸಭೆಯ ನಡುವೆ ನಿಂತು, ಇವರಿಗೆ ಮಾಡಿದ ಅನ್ಯಾಯಕ್ಕೂ ತನ್ನ ಅಣ್ಣನ ಮಗ ಇಟಲಿಯ ಬರ್ನಾರ್ಡ್‌ನ ಕಣ್ಣು ಕೀಳಿಸಿ ಸಾಯಿಸಿದ್ದಕ್ಕೂ ಪ್ರಾಯಶ್ಚಿತ್ತ ಮಾಡಿಕೊಂಡ. ಚಕ್ರವರ್ತಿಯೇ ತಪ್ಪೊಪ್ಪಿಕೊಂಡನಲ್ಲ ಸುಮಾ! ವಾಲಾ ಸೇಡು ತೀರಿಸಲಿಲ್ಲ. ಲೂಯಿಯ ಹಿರಿಯ ಮಗ ಲೋಥಾರ್ ಯುವರಾಜನ ಜೊತೆ ಇಟಲಿಗೆ ಹೋಗಿ ಕೆಲಸ ಮಾಡಿದ. 826ರಲ್ಲಿ ಅಣ್ಣ ಹೋದಮೇಲೆ ಕೋರ್ಬಿಯ ಮಠಾಧಿಪತಿಯಾದ. 828–29ರ ಚಳಿಗಾಲದಲ್ಲಿ ಆಖೆನ್ ಸಭೆಯಲ್ಲಿ ಬರೆದುಕೊಂಡು ಬಂದು ಹೇಳಿದನಲ್ಲ, ಅದಕ್ಕೆ ಏನು ಹೇಳುತ್ತೀ?

ಸುಮತ್ತೆ, 9:33
ಅದಕ್ಕೆ ಕೈಮುಗೀತೀನಿ.

(ನನ್ನ ಲೆಕ್ಕದಲ್ಲಿ ಇಡೀ ದಿನದ ತಿರುಳು ಈ ಒಂದು ಸಾಲು. ಆ ವರ್ಷಗಳಲ್ಲಿ ಬರ, ರೋಗ. ಸ್ಪೇನ್ ಗಡಿಯಲ್ಲಿ 827ರಲ್ಲಿ ಮಾನ ಹೋಗಿತ್ತು. ದೇವರು ಯಾಕೆ ಮುನಿದಿದ್ದಾನೆ ಅಂತ ಲೂಯಿ ಎಲ್ಲರನ್ನೂ ಕೇಳಿದ. ವಾಲಾ ಹೇಳಿದ್ದು ಸರಳ: ರಾಜ್ಯದ ಕೆಲಸ ರಾಜ ಮಾಡಲಿ, ದೇವರ ಕೆಲಸ ಬಿಷಪ್ಪರು ಮಾಡಲಿ, ನೀನು ಮಠಗಳನ್ನು ನಿನಗೆ ಬೇಕಾದ ಸರದಾರರಿಗೆ ಹಂಚುತ್ತಿದ್ದೀ, ಬಿಷಪ್ ಹುದ್ದೆ ನಿನಗೆ ಬೇಕಾದವರಿಗೆ ಕೊಡುತ್ತಿದ್ದೀ, ಅರಮನೆಯ ಪುರೋಹಿತರಂತೂ ಯಾವ ಮಠದ ಕಟ್ಟಳೆಗೂ ಸೇರದೆ ಲಾಭಕ್ಕಾಗಿ ನಿಂತಿದ್ದಾರೆ. ಎದುರಿನವರ ಉತ್ತರವೂ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ: ಚರ್ಚಿನ ಜಮೀನು ಮುಟ್ಟದೆ ಕುದುರೆ, ಕವಚ, ಸೈನ್ಯ ಎಲ್ಲಿಂದ ತರೋದು? ಹಾಗೆ ಜಮೀನು ಮುಟ್ಟುವುದಕ್ಕೆ ಹೆಸರಾದವನೇ ವಾಲಾನ ಅಜ್ಜ ಚಾರ್ಲ್ಸ್ ಮಾರ್ಟೆಲ್. ಮೊಮ್ಮಗ ಅಜ್ಜನ ಸಾಲ ತೀರಿಸಲು ನಿಂತ ಹಾಗಿತ್ತು.)

ಚಿಕ್ಕಪ್ಪ, 9:50
ಮುಜರಾಯಿ ಜಮೀನಿನ ಕಡತ ಎಷ್ಟು ನೋಡಿಲ್ಲ ನಾನು...

ನಾನು, 9:51
ಚಿಕ್ಕಪ್ಪ, ಫ್ರಾಂಕರ ಹತ್ತಿರವೇ ಇರೋಣ. ನಿಯಮ.

ಚಿಕ್ಕಪ್ಪ, 9:53
ಸರಿ ಸರಿ.

ಸುಮತ್ತೆ, 10:20
ಅಣ್ಣ, ನನ್ನ ತಕರಾರು 830ರದ್ದು, ಲೂಯಿ ಮೇಲೆ ಮಕ್ಕಳು, ಸರದಾರರು ದಂಗೆ ಎದ್ದಾಗ ವಾಲಾ ಅವರ ಜೊತೆ ನಿಂತದ್ದು. ನಿನ್ನ ‘ಅರಮನೆಯ ಅನಾಚಾರ’ ಅಂದ್ರೆ ಏನು, ಬಿಡಿಸಿ ಹೇಳು ನೋಡೋಣ. ಮಕ್ಕಳೂ ಓದ್ತಾರೆ ಗುಂಪಲ್ಲಿ.

ದೊಡ್ಡಪ್ಪ, 10:41
ರಾಣಿ ಜೂಡಿತ್‌ಗೂ ಅರಮನೆಯ ಮುಖ್ಯಾಧಿಕಾರಿ, ಇನ್ನೊಬ್ಬ ಬರ್ನಾರ್ಡ್‌ಗೂ ಸಂಬಂಧ ಇತ್ತೆಂದು...

ಸುಮತ್ತೆ, 10:42
‘ಎಂದು’ ಯಾರು ಹೇಳಿದ್ದು?

ದೊಡ್ಡಪ್ಪ, 10:48
ವಾಲಾನ ಶಿಷ್ಯ ರಾಡ್ಬರ್ಟ್ ಬರೆದಿಟ್ಟಿದ್ದಾನೆ. ಅರಮನೆ ಸೂಳೆಗೇರಿಯಾಯಿತು, ಮಾಟಗಾರರು ತುಂಬಿದರು, ಚಕ್ರವರ್ತಿಯನ್ನೇ ಮುಗಿಸಲು ಹೊಂಚು ನಡೆದಿತ್ತು ಎಂದು.

ಸುಮತ್ತೆ, 11:02
ಶಿಷ್ಯ ಬರೆದ ಗುರುಚರಿತ್ರೆ! ಅದರಲ್ಲೂ ವಿರೋಧಿಯ ಹೆಂಡತಿ ಮೇಲೆ! ಜೂಡಿತ್ 831ರ ಫೆಬ್ರವರಿಯಲ್ಲಿ ಆಖೆನ್‌ಗೆ ಬಂದು ಎಲ್ಲರ ಎದುರು ಪ್ರಮಾಣ ಮಾಡಿದಳು. ಆರೋಪ ಹೊರಿಸಿದವರು ಒಬ್ಬರೂ ಎದ್ದು ನಿಲ್ಲಲಿಲ್ಲ. ಹೆಂಗಸಿನ ಮೇಲೆ ಹೊರಿಸೋದು ಸುಲಭ, ಜಮೀನಿನ ಜಗಳಕ್ಕಿಂತ ಬೇಗ ಜನಕ್ಕೆ ಅರ್ಥ ಆಗುತ್ತೆ. 814ರಲ್ಲಿ ಲೂಯಿ ತಂಗಿಯರ ಮೇಲೂ ಇದೇ ಮಾತು, 830ರಲ್ಲಿ ಹೆಂಡತಿ ಮೇಲೂ ಇದೇ ಮಾತು. ಎರಡು ಸಲವೂ ವಾಲಾ ಪೊರಕೆ ಹಿಡಿದಿದ್ದಾನೆ, ನೋಡಿಕೋ.

ವಿದ್ಯಕ್ಕ, 11:09
ಅತ್ತೆ 🔥

ಚಿಕ್ಕಪ್ಪ, 11:30
ಅಸಲು ಜಗಳ ಪಾಲಿಂದು. ಲೂಯಿ 817ರಲ್ಲೇ ಪಾರೀಕತ್ತು ಮಾಡಿಟ್ಟಿದ್ದ. ಹಿರಿಯ ಲೋಥಾರ್ ಜೊತೆ-ಚಕ್ರವರ್ತಿ, ಪಿಪಿನ್‌ಗೆ ಆಕ್ವಿಟೇನ್, ಕಿರಿಯ ಲೂಯಿಗೆ ಬವೇರಿಯ. ಎಲ್ಲರಿಂದ ಆಣೆ ಮಾಡಿಸಿದ್ದೂ ಆಯ್ತು. ಆಮೇಲೆ ಎರಡನೇ ಹೆಂಡತಿ ಜೂಡಿತ್‌ಗೆ 823ರಲ್ಲಿ ಗಂಡುಮಗು, ಚಾರ್ಲ್ಸ್. 829ರಲ್ಲಿ ವರ್ಮ್ಸ್‌ನಲ್ಲಿ ಆ ಮಗುವಿಗೂ ಒಂದು ತುಂಡು ಬರೆದ. ಆಣೆ ಹಾಕಿಸಿದವನೇ ಆಣೆ ಮುರಿದ. ನನ್ನ ಮುಂದೆ ಆ ಅರ್ಜಿ ಬಂದಿದ್ರೆ ವಾಲಾನ ಪರವೇ ಷರಾ ಬರೀತಿದ್ದೆ.

ಸುಮತ್ತೆ, 11:38
ಎರಡನೇ ಹೆಂಡತಿ ಮಗ ಮಗ ಅಲ್ವಾ? ಫ್ರಾಂಕರಲ್ಲಿ ಗಂಡುಮಕ್ಕಳಿಗೆಲ್ಲ ಪಾಲು ಕೊಡೋದೇ ಹಳೇ ರೂಢಿ.

ಚಿಕ್ಕಪ್ಪ, 11:40
ಕೊಡಬಾರದು ಅಂದೆನಾ? ರಿಜಿಸ್ಟರ್ ಆದ ಪತ್ರ ತಿದ್ದೋಕೆ ಕ್ರಮ ಇದೆ ಅಂದೆ.

ಕಿಟ್ಟಿ, 11:41
ಅಡ್ಮಿನ್ ಎಲ್ಲಿ? ಆಸ್ತಿ ಮಾತು ಶುರುವಾಯ್ತು.

(ಅಡ್ಮಿನ್ ದೋಸೆ ತಿನ್ನುತ್ತಿದ್ದ.)

ಸುಮತ್ತೆ, 12:15
ಸರಿ, ಪಾರೀಕತ್ತು ಉಳಿಸೋಕೆ ನಿಂತ ಅನ್ನೋಣ. ಪಕ್ಕದಲ್ಲಿ ನಿಂತವರು ಯಾರು? ಲೋಥಾರನ ಮಾವ ಹ್ಯೂ, ಓರ್ಲಿಯಾನ್‌ನ ಮಾಟ್‌ಫ್ರಿಡ್. ಸ್ಪೇನ್ ಗಡಿಗೆ ಬೇಕಂತಲೇ ತಡವಾಗಿ ಹೋದರು ಅಂತ 828ರಲ್ಲಿ ಹುದ್ದೆ ಕಳೆದುಕೊಂಡವರು. ಅವರಿಗೆ ಧರ್ಮದ ಚಿಂತೆನಾ? ಗೆದ್ದ ಕೂಡಲೇ ಮಾಡಿದ್ದೇನು? ಜೂಡಿತ್‌ಳನ್ನ ಪ್ವಾಟಿಯೇಗೆ ಅಟ್ಟಿದ್ರು, ಅವಳ ಅಣ್ಣತಮ್ಮಂದಿರ ತಲೆ ಬೋಳಿಸಿದ್ರು, ಬರ್ನಾರ್ಡ್ ತಪ್ಪಿಸಿಕೊಂಡ ಅಂತ ಅವನ ತಮ್ಮ ಹೆರಿಬರ್ಟ್‌ನ ಕಣ್ಣು ಕಿತ್ರು. ವಾಲಾ ಸನ್ಯಾಸಿ ಆಗೋಕೆ ಮುಂಚೆ ಮದುವೆಯಾಗಿದ್ದು ಈ ಬರ್ನಾರ್ಡ್‌ನ ಅಕ್ಕನನ್ನೋ ತಂಗಿಯನ್ನೋ. ಅಂದ್ರೆ ಕಣ್ಣು ಹೋದದ್ದು ಅವನ ಸ್ವಂತ ಭಾವಮೈದನದ್ದು.

ವಿದ್ಯಕ್ಕ, 12:17
ಅಯ್ಯೋ. ಲೂಯಿಗೂ ವಾಲಾ ವರಸೇಲಿ ಚಿಕ್ಕಪ್ಪನೇ ಅಲ್ವಾ? ಎಲ್ಲ ಮನೆಯೊಳಗೇ.

ಸುಮತ್ತೆ, 12:24
ಇನ್ನೂ ಇದೆ. 834ರಲ್ಲಿ ಲೋಥಾರ್ ಶಾಲೋನ್ ಊರು ಸುಟ್ಟ. ಅಲ್ಲಿ ಗೆರ್‌ಬೆರ್ಗಾ ಅಂತ ಸನ್ಯಾಸಿನಿ, ಇದೇ ಬರ್ನಾರ್ಡ್‌ನ ಒಡಹುಟ್ಟು. ಮಾಟಗಾತಿ ಅಂತ ಪೀಪಾಯಿಯಲ್ಲಿ ತುಂಬಿ ಸೋನ್ ನದಿಗೆ ಹಾಕಿಸಿದ. 830ರಲ್ಲಿ ಇವರು ‘ಮಾಟ’ ಅಂತ ಬಿತ್ತಿದ ಮಾತು ನಾಲ್ಕು ವರ್ಷಕ್ಕೆ ಯಾರನ್ನ ತಿಂತು ನೋಡು.

ಅದಾದ ಮೇಲೆ ಒಂದೂವರೆ ಗಂಟೆ ಯಾರೂ ಬರೆಯಲಿಲ್ಲ. ಭಾನುವಾರದ ಊಟದ ಹೊತ್ತೂ ಹೌದು. ದೊಡ್ಡಪ್ಪ ‘ಟೈಪಿಂಗ್’ ಅಂತ ತೋರಿ ಮರೆಯಾಗುತ್ತಿದ್ದರು.

ದೊಡ್ಡಪ್ಪ, 2:03
ಗೆರ್‌ಬೆರ್ಗಾ ವಿಷಯ ಲೋಥಾರನ ತಲೆಗೆ ಕಟ್ಟು, ವಾಲಾನ ತಲೆಗಲ್ಲ. ನಾನು ಹೇಳುವುದು ಒಂದೇ. 830ರ ಅಕ್ಟೋಬರ್‌ನಲ್ಲಿ ನೈಮೇಖನ್‌ನಲ್ಲಿ ಲೂಯಿಯ ಕೈ ಮೇಲಾಯಿತು. ವಾಲಾನನ್ನು ಜಿನೀವಾ ಸರೋವರ ಕಾಣುವ ಎತ್ತರದ ಬಂಡೆಯ ಮೇಲೆ ಸೆರೆಯಿಟ್ಟರು. ರಾಡ್ಬರ್ಟ್ ಅಲ್ಲಿಗೆ ಹೋಗಿ, ‘ತಪ್ಪಾಯಿತು ಎಂದು ಒಂದು ಮಾತು ಹೇಳಿಬಿಡಿ, ಚಕ್ರವರ್ತಿ ಕ್ಷಮಿಸುತ್ತಾನೆ’ ಎಂಬಂತೆ ಬೇಡಿಕೊಂಡ. ವಾಲಾ ಒಪ್ಪಲಿಲ್ಲ. ಮಾಡದ ತಪ್ಪನ್ನು ಮಾಡಿದೆ ಎನ್ನುವುದು ಸುಳ್ಳು ಎಂದ. ಅರವತ್ತರ ಆಸುಪಾಸಿನ ಮುದುಕ, ಸುಮಾ. ಹೂಂ ಅಂದಿದ್ದರೆ ಮನೆಗೆ ಬರುತ್ತಿದ್ದ.

ಸುಮತ್ತೆ, 2:20
ಅದು ನಿಜವೇ. ಅವನು ಮಾತು ಬದಲಿಸೋನಲ್ಲ. ತಾನು ಹೇಳಿದ್ದು ಸತ್ಯ ಅಂತಲೇ ನಂಬಿದ್ದ. ಅದಕ್ಕೇ ಅಪಾಯ ಜಾಸ್ತಿ ಅಂತ ನಾನು.

ವಿದ್ಯಕ್ಕ, 2:41
ನಾನು ಒಂದು ಮಾತು ಸೇರಿಸಲಾ? ರಾಡ್ಬರ್ಟ್ ಆ ಪುಸ್ತಕದಲ್ಲಿ ಮುಖ್ಯರಾದವರ ಹೆಸರು ನೇರ ಬರೆದಿಲ್ಲ. ವಾಲಾ ‘ಆರ್ಸೇನಿಯಸ್’, ಹಳೇ ಕಾಲದ ರಾಜಗುರು, ಆಮೇಲೆ ಮರುಭೂಮಿಗೆ ಹೋದ ಸನ್ಯಾಸಿ. ಲೂಯಿ ‘ಜಸ್ಟಿನಿಯನ್’, ಜೂಡಿತ್ ‘ಜಸ್ಟಿನಾ’, ಲೋಥಾರ್ ‘ಹೊನೋರಿಯಸ್’, ಬರ್ನಾರ್ಡ್ ‘ನೇಸೋ’. ಮಠದವರು ಕೂತು ಹರಟಿದ ಹಾಗೆ ಬರೆದಿದ್ದಾನೆ. ಒಬ್ಬರು ಹೇಳ್ತಾರೆ, ಇನ್ನೊಬ್ಬರು ಅಡ್ಡ ಹಾಕ್ತಾರೆ. ಒಂದು ಥರ ನಮ್ಮ ಗುಂಪೇ.

ಕಿಟ್ಟಿ, 2:42
ನಾನು ಯಾರು ಅದರಲ್ಲಿ?

ವಿದ್ಯಕ್ಕ, 2:42
ಮಠದ ಬೆಕ್ಕು.

ಸುಮತ್ತೆ, 2:55
ಯಾಕೆ ಮುಖವಾಡ ಅಂತ ಯೋಚಿಸಿ. ಎರಡನೇ ಭಾಗ ಬರೆದದ್ದು 850ರ ದಶಕದಲ್ಲಿ. ಆಗ ಕೋರ್ಬಿ ಇದ್ದದ್ದು ಯಾರ ರಾಜ್ಯದಲ್ಲಿ? ಅದೇ ಚಾರ್ಲ್ಸ್, ಜೂಡಿತ್ ಮಗ! ಆ ಹೊತ್ತಿಗೆ ಜೂಡಿತ್ ಸತ್ತಿದ್ದಳು. ಎದುರು ಮಾತಾಡೋರಿಲ್ಲ, ಆದರೆ ಮಗ ಗದ್ದುಗೆ ಮೇಲಿದ್ದಾನೆ. ಆ ಪುಸ್ತಕದ ಹಸ್ತಪ್ರತಿ ಉಳಿದಿರೋದೂ ಒಂದೇ ಒಂದು. ಅಣ್ಣ ಹಂಚಿದ ಫೋಟೊ ಕೆಳಗಿನ ಸಾಲೆಲ್ಲ ಆ ಒಂದು ಪ್ರತಿಯ ಮೊಮ್ಮಕ್ಕಳು.

ಚಿಕ್ಕಪ್ಪ, 3:10
ಒಂದೇ ಸಾಕ್ಷಿ, ಅದೂ ಹತ್ತಿರದ ಸಂಬಂಧಿ. ಪಾಟಿಸವಾಲಿಗೆ ನಿಲ್ಲಲ್ಲ.

ದೊಡ್ಡಪ್ಪ, 3:34
ಆ ಸಾಕ್ಷಿ ತನ್ನ ಕಡೆಯವರ ಸೋಲನ್ನೂ ಮುಚ್ಚಿಟ್ಟಿಲ್ಲವಲ್ಲ. 833ರಲ್ಲಿ ಮಕ್ಕಳು ಮತ್ತೆ ಲೂಯಿಯ ಮೇಲೆ ತಿರುಗಿಬಿದ್ದಾಗ ಕೋಲ್ಮಾರ್ ಹತ್ತಿರದ ಬಯಲಿಗೆ ಪೋಪ್ ನಾಲ್ಕನೇ ಗ್ರೆಗರಿಯೇ ಬಂದ. ಲೂಯಿ ಕಡೆಯ ಬಿಷಪ್ಪರು ಪೋಪನನ್ನೇ ಹೆದರಿಸಿದಾಗ, ನಿಮ್ಮನ್ನು ತೀರ್ಪಿಗೆ ಒಳಪಡಿಸುವ ಹಕ್ಕು ಯಾರಿಗೂ ಇಲ್ಲವೆಂದು ಹಳೆಯ ಬರಹಗಳನ್ನು ತೋರಿಸಿ ಧೈರ್ಯ ತುಂಬಿದ್ದು ವಾಲಾ, ರಾಡ್ಬರ್ಟ್. ಒಂದು ರಾತ್ರಿಯಲ್ಲಿ ಲೂಯಿಯ ಸೈನ್ಯ ಮಕ್ಕಳ ಕಡೆ ಹಾರಿತು. ‘ಸುಳ್ಳಿನ ಬಯಲು’ ಎಂದೇ ಅದಕ್ಕೆ ಹೆಸರು ನಿಂತಿತು. ಮಾರನೆಯ ದಿನ ಗೆದ್ದವರು ರಾಜ್ಯವನ್ನು ಕಿತ್ತು ಹಂಚಿಕೊಳ್ಳಲು ಕುಳಿತರು, ಧರ್ಮದ ಮಾತನ್ನು ಕೇಳುವವರಿಲ್ಲ. ಪೋಪ್ ನೊಂದು ರೋಮ್‌ಗೆ ಮರಳಿದ. ಇದನ್ನೂ ರಾಡ್ಬರ್ಟೇ ಬರೆದಿದ್ದಾನೆ.

ಸುಮತ್ತೆ, 3:52
ಇದನ್ನ ಬೆಳಿಗ್ಗೆನೇ ಬರೆದಿದ್ರೆ ನಾನು ಬಾಯಿ ತೆಗೀತಿರಲಿಲ್ಲ. ಗೆದ್ದ ದಿನವೇ ಸೋತ ಮನುಷ್ಯ ಅವನು. ಅದು ಬಿಟ್ಟು ‘ಸತ್ಯಕ್ಕಾಗಿ ಸೆರೆ’ ಅಂತ ಹಾಕಿದೆ.

ವಿದ್ಯಕ್ಕ, 4:05
ಕೊನೆಗೆ ಏನಾದ?

ಸುಮತ್ತೆ, 4:18
834ರಲ್ಲಿ ಲೂಯಿ ಮತ್ತೆ ಪಟ್ಟಕ್ಕೆ ಬಂದ. ವಾಲಾ ಲೋಥಾರ್ ಜೊತೆ ಇಟಲಿಗೆ ಹೋಗಿ ಬೊಬ್ಬಿಯೋ ಮಠಾಧಿಪತಿಯಾದ. 836ರಲ್ಲಿ ಅಪ್ಪ-ಮಗನ ನಡುವೆ ರಾಜಿ ಮಾಡಿಸೋಕೆ ದೂತನಾಗಿ ಲೂಯಿ ಹತ್ತಿರ ಬಂದ. ಲೂಯಿ ಹಳೆಯದನ್ನೆಲ್ಲ ಮನ್ನಿಸಿ ಆದರಿಸಿದ. ಆದರೆ ಆ ವರ್ಷವೇ ಇಟಲಿಯಲ್ಲಿ ಸಾಂಕ್ರಾಮಿಕ ಬಂದು ಲೋಥಾರ್ ಕಡೆಯ ದೊಡ್ಡ ತಲೆಗಳೆಲ್ಲ ಉದುರಿದವು, ವಾಲಾನೂ ಹೋದ. ಬೊಬ್ಬಿಯೋದಲ್ಲೇ ಮಣ್ಣು. ರಾಜಿ ಅರ್ಧಕ್ಕೇ ನಿಂತಿತು.

ದೊಡ್ಡಪ್ಪ, 4:40
ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಪ್ಪ, 5:15
ಕೋರ್ವೈ ಮಠ, ವೇಸರ್ ದಂಡೆ. ಫೋಟೊ: ನಮ್ಮ ವಿದ್ಯಾ. ಮುಂಭಾಗ ಕಟ್ಟಿದ್ದು 873–885. ಮಠ ಸ್ಥಾಪಿಸಲು ಜೊತೆ ನಿಂತ ವಾಲಾ ಬಲವಂತಕ್ಕೆ ಸನ್ಯಾಸಿಯಾದ ರಾಜವಂಶದವನು. ಚರ್ಚಿನ ಜಮೀನಿನ ವಿಷಯದಲ್ಲಿ ಅವನು ಆಡಿದ ಮಾತು ದೊಡ್ಡದು. ರಾಣಿ ಜೂಡಿತ್ ವಿಷಯದಲ್ಲಿ ಆಡಿದ ಮಾತಿಗೆ ಅವನ ಕಡೆಯವರು ಹೇಳಿದ್ದೇ ಪುರಾವೆ. ಕಾವಿ ಎಂದು ಬರೆದದ್ದು ನನ್ನ ತಪ್ಪು, ಮಠದ ನಿಲುವಂಗಿ ಎಂದು ಓದಿಕೊಳ್ಳಿ.

ಸುಮತ್ತೆ, 5:17
👍 ಅಣ್ಣ, ಸಂಜೆ ಬಾ, ಹಲಸಿನಹಣ್ಣು ಕೊಯ್ದಿದ್ದೀನಿ.

ಶಿವಮೊಗ್ಗದ ಮಾವ, 6:02
(ಹಲವು ಬಾರಿ ಫಾರ್ವರ್ಡ್ ಆಗಿದೆ)
ಸತ್ಯಕ್ಕಾಗಿ ಸೆರೆ ಕಂಡ ಸನ್ಯಾಸಿ! 822ರಲ್ಲಿ ಈ ಮಠ ಕಟ್ಟಲು ಅಣ್ಣ ಅಡಲ್‌ಹಾರ್ಡ್ ಜೊತೆ ನಿಂತವನು ವಾಲಾ...
ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡಿ, ಯಾರೋ ಪುಣ್ಯಾತ್ಮರು. ಎಲ್ಲರೂ ಓದಿ.