ಸೆಗ್‌ಫಾಲ್ಟ್ ಆಗುತ್ತೆ, ಕೋರ್ ಡಂಪ್ ಮಾತ್ರ ಬರಲ್ಲ. ತಲೆ ಕೆಟ್ಟುಹೋಗಿದೆ

ಅಡಕೆ_ಸಿ++
ತೋಟದ ಮೋಟರ್ ನೋಡಿಕೊಳ್ಳೋಕೆ ಸಿ++ನಲ್ಲಿ ಪುಟ್ಟ ಸರ್ವರ್ ಬರೆದಿದ್ದೇನೆ. ಎರಡು ಮೂರು ದಿನಕ್ಕೊಮ್ಮೆ, ಅದೂ ರಾತ್ರಿ ಹೊತ್ತು, ಸೆಗ್‌ಫಾಲ್ಟ್ ಆಗಿ (ತನ್ನದಲ್ಲದ ಮೆಮೊರಿ ಮುಟ್ಟಿ) ಸತ್ತು ಬಿದ್ದಿರುತ್ತದೆ. ಸಾಯುವಾಗ ಮೆಮೊರಿಯಲ್ಲಿ ಏನಿತ್ತು ಅಂತ ನೋಡಬೇಕು, ಅದರ ನಕಲು ಇರೋ ಕೋರ್ ಫೈಲೇ (ಕೋರ್ ಡಂಪ್) ಬರುತ್ತಿಲ್ಲ. ಕೋರ್ ಫೈಲ್ ಎಷ್ಟು ದೊಡ್ಡದಾಗಬಹುದು ಅನ್ನೋ ಮಿತಿ, ಯುಲಿಮಿಟ್, ಅನ್‌ಲಿಮಿಟೆಡ್ ಮಾಡಿದ್ದೇನೆ. ಎಲ್ಲಾ ಮಾಡಿ ನೋಡಿದ್ದಾಯ್ತು. ಲಿನಕ್ಸ್. ಯಾರಾದರೂ ಹೇಳ್ರಪ್ಪಾ.

ಕರ್ನಲ್_ಮಾವ
ಅಪೋರ್ಟ್. ಕ್ರ್ಯಾಶ್ ಆದಾಗ ವರದಿ ಹಿಡಿಯೋ ಪ್ರೋಗ್ರಾಮ್. ನೂರಕ್ಕೆ ನೂರು ಅದೇ. ಡಂಪ್ ಎಲ್ಲಿಗೆ ಹೋಗಬೇಕು ಅಂತ ಹೇಳೋ ಕೋರ್_ಪ್ಯಾಟರ್ನ್ ಫೈಲನ್ನು ಕ್ಯಾಟ್ ಮಾಡಿ (ತೆರೆದು) ನೋಡಿ, ಶುರುವಿನಲ್ಲೇ ಪೈಪ್ ಗೆರೆ (|) ಇರುತ್ತದೆ. ಅಂದರೆ ಕರ್ನಲ್ (ಲಿನಕ್ಸಿನ ತಿರುಳು) ಡಂಪನ್ನು ಫೈಲಿಗೆ ಬರೆಯದೆ ಅಪೋರ್ಟ್ ಬಾಯಿಗೆ ಸುರಿಯುತ್ತಿದೆ. ನಿಲ್ಲಿಸಿ ಅದನ್ನ.

ಸಂಜೆ_ಕೋಡರ್
ಯುಲಿಮಿಟ್ ಎಲ್ಲಿ ಹಾಕಿದ್ದೀರಿ, ಟರ್ಮಿನಲ್ ತೆರೆದಾಗ ಓದೋ ಬ್ಯಾಶ್‌ಆರ್‌ಸಿಯಲ್ಲಾ? ಹಿನ್ನೆಲೆಯಲ್ಲಿ ತಾನೇ ಓಡೋ ಸಿಸ್ಟಮ್‌ಡಿ ಸರ್ವೀಸ್ ಆಗಿದ್ದರೆ ಅದು ಬ್ಯಾಶ್‌ಆರ್‌ಸಿ ಕಡೆ ತಿರುಗಿಯೂ ನೋಡಲ್ಲ. ಆ ಸರ್ವೀಸಿನ ಸೆಟ್ಟಿಂಗ್ ಇರೋ ಯೂನಿಟ್ ಫೈಲಿನಲ್ಲಿ ಲಿಮಿಟ್‌ಕೋರ್=ಇನ್ಫಿನಿಟಿ ಬೇಕು.

ಅಡಕೆ_ಸಿ++
ಹೌದು, ಸರ್ವೀಸ್ ಅದು. ಹೇಳಿರಲಿಲ್ವಾ? ಲಿಮಿಟ್‌ಕೋರ್ ಹಾಕಿ ರೀಸ್ಟಾರ್ಟ್ ಮಾಡಿದೆ. ಊಹೂಂ. ಕೋರ್_ಪ್ಯಾಟರ್ನ್ ನಾನೇ /ಡಂಪ್ ಫೋಲ್ಡರಿಗೆ ತಿರುಗಿಸಿದ್ದೇನೆ, ಯಾರು ಬೇಕಾದರೂ ಬರೆಯೋ ಹಾಗೆ 1777 ಪರ್ಮಿಶನ್ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಸ್ಲೀಪ್ ಅನ್ನೋ ಪುಟ್ಟ ಕಮಾಂಡ್ ಓಡಿಸಿ ಅದಕ್ಕೆ 11ನೇ ಸಿಗ್ನಲ್ (ಸೆಗ್‌ಫಾಲ್ಟಿನದು) ಕಳಿಸಿದರೆ ಅಲ್ಲಿ ಕೋರ್ ಬೀಳುತ್ತದೆ. ನನ್ನ ಪ್ರೋಗ್ರಾಮಿಗೆ ಕಳಿಸಿದರೆ ಇಲ್ಲ.

ಕರ್ನಲ್_ಮಾವ
ಅಪೋರ್ಟ್ ಬುದ್ಧಿಯೇ ಅದು. ಪ್ಯಾಕೇಜಿನಿಂದ ಬಂದ ಪ್ರೋಗ್ರಾಮ್ ಆದರೆ ಉಪಚಾರ, ನಾವೇ ಬರೆದಿದ್ದಾದರೆ ಅಸಡ್ಡೆ. ಸ್ಲೀಪ್ ಪ್ಯಾಕೇಜಿನದು, ನಿಮ್ಮದಲ್ಲ. ಲೆಕ್ಕ ಸರಿಹೋಯ್ತಲ್ವಾ? ಅಪೋರ್ಟ್ ಲಾಗ್ ಹಾಕಿ.

ಅಡಕೆ_ಸಿ++
ಅಂಥ ಫೈಲೇ ಇಲ್ಲ.

ಕರ್ನಲ್_ಮಾವ
ಸರಿಯಾಗಿ ನೋಡಿ. ಇದ್ದೇ ಇರುತ್ತದೆ.

ಅಡಕೆ_ಸಿ++
ಡೆಬಿಯನ್ ಸ್ವಾಮಿ ಇದು, ಉಬುಂಟು ಅಲ್ಲ. ಅಪೋರ್ಟ್ ಹಾಕೇ ಇಲ್ಲ.

ಕರ್ನಲ್_ಮಾವ
ಅದನ್ನು ಮೊದಲೇ ಹೇಳೋದಲ್ವಾ!

ಬಿಟ್_ಬಾಳೆ
ಇಷ್ಟೆಲ್ಲಾ ಯಾಕೆ? ಕೋಡ್ ಎಲ್ಲಿವರೆಗೆ ಓಡಿತು ಅಂತ ತೋರಿಸೋಕೆ ನಾಲ್ಕು ಪ್ರಿಂಟ್‌ಎಫ್ ಹಾಕಿದರೆ ಆಯ್ತು. ನನ್ನ ಮೆಷಿನ್‌ನಲ್ಲಿ 128 ಜಿಬಿ ರ‍್ಯಾಮ್ ಇದೆ, 16 ಕೋರ್. ಎಲ್ಲಾ ಕೋರೂ ಡಂಪ್ ಮಾಡಿದರೆ ಡಿಸ್ಕ್ ಗೋವಿಂದ.

ಕರ್ನಲ್_ಮಾವ
ಆ ಕೋರ್ ಪ್ರೊಸೆಸರಿನದು, ಈ ಕೋರ್ ಬೇರೆ. ಹಳೇ ಕಂಪ್ಯೂಟರುಗಳಲ್ಲಿ ಮೆಮೊರಿ ಅಂದರೆ ತಂತಿಗೆ ಪೋಣಿಸಿದ ಪುಟಾಣಿ ಫೆರೈಟ್ ಉಂಗುರಗಳು. ಅವುಗಳಿಗೆ ಕೋರ್ ಅಂತಿದ್ದರು. ಉಂಗುರ ಹೋಯ್ತು, ಹೆಸರು ಉಳೀತು.

ಸಂಜೆ_ಕೋಡರ್
ಮತ್ತೆ ಡಂಪ್ ಸೈಜ್ ಪ್ರೋಗ್ರಾಮ್ ಹಿಡಿದ ಮೆಮೊರಿಯ ಮೇಲೆ ಹೋಗುತ್ತದೆ, ನಿಮ್ಮ ರ‍್ಯಾಮಿನ ಮೇಲಲ್ಲ. ಪ್ರಿಂಟ್‌ಎಫ್ ಎಲ್ಲಿ ಹಾಕಬೇಕು ಅಂತ ಗೊತ್ತಿದ್ದರೆ ಪಾಪ ಅವರು ಇಲ್ಲಿಗೆ ಯಾಕೆ ಬರ್ತಿದ್ದರು?

ಬಿಟ್_ಬಾಳೆ
ರ‍್ಯಾಮ್ ಡಿಡಿಆರ್5 ಅಂತ ಹೇಳೋದು ಮರೆತೆ.

ಸಂಜೆ_ಕೋಡರ್
@ಅಡಕೆ_ಸಿ++ ಜರ್ನಲ್‌ಸಿಟಿಎಲ್ ಲಾಗಿನಲ್ಲಿ ಸತ್ತಾಗಿನ ಸಾಲು ಇದ್ದ ಹಾಗೇ ಹಾಕಿ.

ಅಡಕೆ_ಸಿ++
ಕೋಡ್=ಕಿಲ್ಡ್, ಸ್ಟೇಟಸ್=11/ಸೆಗ್‌ವಿ

ಸಂಜೆ_ಕೋಡರ್
ನೋಡಿ, "ಕಿಲ್ಡ್" ಅಂತಿದೆ, "ಡಂಪ್ಡ್" ಅಂತಿಲ್ಲ. ಕೋರ್ ಎಲ್ಲೋ ಬಿದ್ದು ಕಳೆದುಹೋಗಿಲ್ಲ, ಕರ್ನಲ್ ಬರೆದೇ ಇಲ್ಲ. ಬೈನರಿಗೆ (ಕಂಪೈಲ್ ಆದ ಪ್ರೋಗ್ರಾಮ್ ಫೈಲಿಗೆ) ಸೆಟ್‌ಯುಐಡಿ, ಅಂದರೆ ಯಾರು ಓಡಿಸಿದರೂ ಫೈಲಿನ ಮಾಲೀಕನ ಅಧಿಕಾರ, ಏನಾದರೂ ಇದೆಯಾ? ಅಥವಾ ಸೆಟ್‌ಕ್ಯಾಪ್‌ನಿಂದ ಯಾವುದಾದರೂ ಬಿಡಿ ಅಧಿಕಾರ (ಕೇಪೆಬಿಲಿಟಿ) ಕೊಟ್ಟಿದ್ದೀರಾ?

ಅಡಕೆ_ಸಿ++
ಸೆಟ್‌ಕ್ಯಾಪ್ ಇದೆ. ಅಪ್ಪನಿಗೆ ಫೋನಿನಲ್ಲಿ ಅಡ್ರೆಸ್ ಆದಮೇಲೆ 8080 ಹೊಡೆಯೋಕೆ ಬೇಜಾರು, ಅದಕ್ಕೆ 80ನೇ ಪೋರ್ಟಿನಲ್ಲೇ ಓಡಿಸುತ್ತೇನೆ, ಆ ಪೋರ್ಟಿಗೆ ಈ ಅಧಿಕಾರ ಬೇಕು. ಅದಕ್ಕೂ ಇದಕ್ಕೂ ಏನು ಸಂಬಂಧ?

ಸಂಜೆ_ಕೋಡರ್
ಅದೇ ಸಂಬಂಧ! ಫೈಲಿಗೆ ಕೇಪೆಬಿಲಿಟಿ ಅಂಟಿಸಿದರೆ ಕರ್ನಲ್ ಅದನ್ನೂ ಸೆಟ್‌ಯುಐಡಿ ಪ್ರೋಗ್ರಾಮಿನ ಹಾಗೇ ಅನುಮಾನದಿಂದ ನೋಡುತ್ತದೆ. ಜಾಸ್ತಿ ಅಧಿಕಾರ ಇರೋ ಪ್ರೋಗ್ರಾಮಿನ ಮೆಮೊರಿಯಲ್ಲಿ ಪಾಸ್‌ವರ್ಡ್, ಕೀ ಏನು ಬೇಕಾದರೂ ಇರಬಹುದು. ಅದು ಕಂಡವರ ಕೈಗೆ ಸಿಗಬಾರದು ಅಂತ ಡಂಪನ್ನೇ ಬರೆಯಲ್ಲ. ಎಫ್‌ಎಸ್.ಎಸ್‌ಯುಐಡಿ_ಡಂಪೆಬಲ್ ಅನ್ನೋ ಕರ್ನಲ್ ಸೆಟ್ಟಿಂಗ್ ನೋಡಿ, 0 ಇರುತ್ತದೆ. 2 ಮಾಡಿದರೆ ರೂಟ್ (ಅಡ್ಮಿನ್) ಮಾತ್ರ ಓದೋ ಹಾಗೆ ಬರೆಯುತ್ತದೆ. ನಾನಾದರೆ ಸೆಟ್‌ಕ್ಯಾಪ್ ಕಿತ್ತು, ಯೂನಿಟ್ ಫೈಲಿನಲ್ಲಿ ಬೈನರಿ ಬದಲು ಸರ್ವೀಸಿಗೇ ಅಧಿಕಾರ ಕೊಡೋ ಆಂಬಿಯೆಂಟ್‌ಕೇಪೆಬಿಲಿಟೀಸ್ ಸಾಲು ಹಾಕುತ್ತೇನೆ. ಅಪ್ಪನಿಗೆ 80 ಸಿಗುತ್ತದೆ, ನಿಮಗೆ ಡಂಪ್.

ಕರ್ನಲ್_ಮಾವ
ಉಬುಂಟುನಲ್ಲಿ ಅಪೋರ್ಟೇ ಅದನ್ನು 2 ಮಾಡಿಡುತ್ತದೆ. ಸುಮ್ನೆ ಹೇಳಿದೆ.

ಅಡಕೆ_ಸಿ++
ಬಿತ್ತು!! ರಾತ್ರಿ 2:40ಕ್ಕೆ, 41 ಎಂಬಿ ಫೈಲು. ಆದರೆ ಜಿಡಿಬಿ ಡೀಬಗರಿನಲ್ಲಿ ಬಿಟಿ (ಯಾವ ಫಂಕ್ಷನ್ನಿನಲ್ಲಿ ಸತ್ತಿತು ಅಂತ ತೋರಿಸೋ ಕಮಾಂಡ್) ಹೊಡೆದರೆ ಸಾಲು ಸಾಲಾಗಿ ಬರೀ ಪ್ರಶ್ನೆ ಚಿಹ್ನೆ.

ಸಂಜೆ_ಕೋಡರ್
ಡೀಬಗ್ ಮಾಹಿತಿ ಸೇರಿಸೋ -ಜಿ ಹಾಕಿ ಕಂಪೈಲ್ ಮಾಡಿದ್ರಾ? ಡಂಪ್ ಬಿದ್ದಮೇಲೆ ಮತ್ತೆ ಬಿಲ್ಡ್ ಮಾಡಿಲ್ಲ ತಾನೇ?

ಅಡಕೆ_ಸಿ++
-ಜಿ ಹಾಕಿರಲಿಲ್ಲ. ಬೆಳಿಗ್ಗೆ ಮೋಟರ್ ಬೇಕಿತ್ತು, ಒಂದೆರಡು ಕಡೆ ತಿದ್ದಿ ಬಿಲ್ಡ್ ಮಾಡಿ ಹಾಕಿಬಿಟ್ಟೆ.

ಸಂಜೆ_ಕೋಡರ್
ಡಂಪ್ ಹಳೇ ಬೈನರಿಯದು, ಜಿಡಿಬಿಗೆ ಕೊಟ್ಟಿರೋದು ಹೊಸದು. ತಾಳೆಯಾಗಲ್ಲ. ಹಳೇದು ಎತ್ತಿಟ್ಟಿದ್ದೀರಾ?

ಅಡಕೆ_ಸಿ++
ಅದರ ಮೇಲೇ ಬರೆದುಬಿಟ್ಟೆ.

ಸಂಜೆ_ಕೋಡರ್
ಹಾಗಾದರೆ ಇನ್ನೊಂದು ಸಲ ಸಾಯೋವರೆಗೂ ಕಾಯಿರಿ. ಈ ಸಲ -ಜಿ ಹಾಕಿ, ಬೈನರಿ ಇನ್ನೊಂದು ಕಡೆ ಕಾಪಿ ಮಾಡಿಡಿ.

ಬಿಟ್_ಬಾಳೆ
ಪ್ರಿಂಟ್‌ಎಫ್.

ಅಡಕೆ_ಸಿ++
ಐದು ದಿನ ಆಯ್ತು, ಸಾಯ್ತಾನೇ ಇಲ್ಲ. ಮಳೆ ಹಿಡಿದಿದೆ, ಮೋಟರೇ ಹಾಕ್ತಿಲ್ಲ.